ಡ್ರೈವರ್ ತೂಕಡಿಸಿದರೆ ಕೂಗುವ ಕ್ಯಾಮೆರಾ: ಲಾರಿ ಕಚೇರಿಯಿಂದ ಒಂದು ವಿಮರ್ಶೆ

ಕ್ಯಾಮೆರಾ ಒಳ್ಳೆಯದು, ಅದರ ಆ್ಯಪ್ ಕೆಟ್ಟದ್ದು. ಇಷ್ಟು ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಲಾರಿಯೊಂದಕ್ಕೆ ಹದಿನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಹಾಕಿಸಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವ ಮಾಲೀಕರು ಮುಂದೆ ಓದಲಿ. ತಯಾರಕರ ಹೆಸರು ಹಾಕುವುದಿಲ್ಲ.

ನಮ್ಮದು ರಾಣೆಬೆನ್ನೂರಿನ ಸಣ್ಣ ಟ್ರಾನ್ಸ್‌ಪೋರ್ಟ್ ಕಚೇರಿ. ಲಾರಿಗಳು ಅಣ್ಣನ ಹೆಸರಿನಲ್ಲಿವೆ. ಬತ್ತಾ (ಡ್ರೈವರುಗಳಿಗೆ ಕೊಡುವ ಓಟದ ಖರ್ಚಿನ ಹಣ), ಡೀಸೆಲ್ ಚೀಟಿ, ವಿಮೆ, ಟೋಲ್ ಲೆಕ್ಕ ಎಲ್ಲವೂ ನನ್ನ ಮೇಜಿನ ಮೇಲೆ. ಮೆಕ್ಕೆಜೋಳ ನಾಮಕ್ಕಲ್‌ನ ಕೋಳಿ ಆಹಾರದ ಗಿರಣಿಗಳಿಗೆ ಹೋಗುತ್ತದೆ, ಬ್ಯಾಡಗಿ ಮೆಣಸಿನಕಾಯಿ ಮುಂಬೈ ಕಡೆಯ ವಾಶಿ ಮಾರುಕಟ್ಟೆಗೆ. ಎರಡೂ ರಾತ್ರಿಯ ಓಟ.

ಡ್ಯಾಶ್‌ಬೋರ್ಡ್ ಮೇಲೆ ಕೂರುವ ಈ ಪುಟ್ಟ ಪೆಟ್ಟಿಗೆ ಡ್ರೈವರನ ಮುಖದ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ರೆಪ್ಪೆ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಅಳೆಯುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದ್ದರಿಂದ ಕತ್ತಲೆಯ ಕ್ಯಾಬಿನ್‌ನಲ್ಲೂ ಕೆಲಸ ನಡೆಯುತ್ತದೆ, ಡ್ರೈವರನಿಗೂ ತೊಂದರೆಯಿಲ್ಲ. ಕಣ್ಣು ಮುಚ್ಚಿಯೇ ಇದ್ದರೆ ಜೋರಾಗಿ ಕೂಗುತ್ತದೆ, ಸೀಟಿನ ಕೆಳಗಿನ ಪಟ್ಟಿ ಅದುರುತ್ತದೆ, ಒಂದು ತುಣುಕು ವಿಡಿಯೊ ನನ್ನ ಮೊಬೈಲಿಗೆ ಬರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಲಾರಿ ಮೂರು ಸೆಕೆಂಡಿನಲ್ಲಿ 50 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರೊಳಗೆ ಎಬ್ಬಿಸುವ ಯಂತ್ರಕ್ಕೆ ಬೆಲೆ ಕಟ್ಟುವುದು ಕಷ್ಟ ಎಂದು ನಾನೂ ಒಪ್ಪುತ್ತೇನೆ. ಅದುರುವ ಪಟ್ಟಿಗೆ ಮಾತ್ರ ಪ್ರತ್ಯೇಕ ಹಣ, ಅದಿಲ್ಲದೆ ಕೊಳ್ಳಬೇಡಿ. ಕೂಗನ್ನು ಎಂಜಿನ್ ಸದ್ದು ನುಂಗಿಬಿಡುತ್ತದೆ.

ಸುಳ್ಳು ಅಲಾರಂ ಬಹಳ. ಕಪ್ಪು ಕನ್ನಡಕ ಹಾಕಿದರೆ ಕೂಗುತ್ತದೆ. ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿದರೆ ಕೂಗುತ್ತದೆ. ನಮ್ಮ ಹಿರಿಯ ಡ್ರೈವರ್ ಕಾಕಾ ಅವರ ಕಣ್ಣು ಹುಟ್ಟಿನಿಂದಲೇ ಸಣ್ಣವು; ಯಂತ್ರದ ಪ್ರಕಾರ ಅವರು ಹುಬ್ಬಳ್ಳಿಯಿಂದ ಕೊಲ್ಹಾಪುರದವರೆಗೆ ನಿದ್ದೆಯಲ್ಲೇ ಹೋಗಿದ್ದರು. "ತಂಗಿ, ಇದಕ್ಕೆ ನನ್ನ ಮದುವೆಯ ಫೋಟೊ ತೋರಿಸು, ಆಗಲೂ ಹೀಗೇ ಇದ್ದೆ" ಎಂದರು. ತಂತ್ರಜ್ಞನನ್ನು ಕರೆಸಿ ಅವರ ಮುಖಕ್ಕೆ ತಕ್ಕಂತೆ ಹೊಂದಿಸಿದ ಮೇಲೆ ಸರಿಹೋಯಿತು. ಕರೆಸುವುದೇ ಒಂದು ಸಾಹಸ: ಗ್ರಾಹಕ ಸೇವೆಗೆ ಕನ್ನಡ ಬರುವುದಿಲ್ಲ, ಬಂದವನು ಲಾರಿ ಊರಿನಲ್ಲಿರುವ ದಿನ ಬರುವುದಿಲ್ಲ.

ಇನ್ನು ಆ್ಯಪ್. ಪ್ರತಿ ಡ್ರೈವರನಿಗೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ, ಕಡಿಮೆ ಬಂದವನ ಹೆಸರನ್ನು ಕೆಂಪು ಮಾಡುತ್ತದೆ. ಮಾರಲು ಬಂದ ಹುಡುಗ "ಮೇಡಂ, ಅಲಾರಂ ಒಂದಕ್ಕೆ ಇಷ್ಟು ಎಂದು ಬತ್ತಾದಲ್ಲಿ ಹಿಡಿಯಿರಿ, ತಾವಾಗಿ ಸರಿಹೋಗುತ್ತಾರೆ" ಎಂದ. ಅಣ್ಣನಿಗೆ ಈ ಮಾತು ಹಿಡಿಸಿತು, ನನಗೆ ಹಿಡಿಸಲಿಲ್ಲ. ಪಕ್ಕದ ಓಣಿಯ ಕಚೇರಿಯೊಂದರಲ್ಲಿ ಹಾಗೆ ಮಾಡಿ ನೋಡಿದ್ದರು. ಅವರ ಡ್ರೈವರುಗಳು ಹೆಂಡತಿಯ ಹಣೆಬೊಟ್ಟಿನ ಸ್ಟಿಕ್ಕರ್ ತಂದು ಲೆನ್ಸಿಗೆ ಅಂಟಿಸಿದರು. ನಿದ್ದೆಗೆ ದಂಡ ಹಾಕುವುದು ಜ್ವರಕ್ಕೆ ದಂಡ ಹಾಕಿದಂತೆ.

ಅಂಕಗಳನ್ನು ಬದಿಗಿಟ್ಟು ಅಲಾರಂ ಬಡಿದ ಹೊತ್ತುಗಳನ್ನು ಇಳಿಸಿಕೊಂಡೆ, ನಮ್ಮ ಲೋಡಿಂಗ್ ಪುಸ್ತಕದ ಪಕ್ಕದಲ್ಲಿಟ್ಟೆ. ಹೆಚ್ಚಿನವು ನಸುಕಿನ 3ರಿಂದ 5ರೊಳಗೆ. ಅದು ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಲಾರಿಗಳಲ್ಲಿ ಬಹುಪಾಲು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವ ಸೋಮವಾರ, ಗುರುವಾರ ಹೊರಟವು. ಹಂಗಾಮಿನಲ್ಲಿ ಬೆಳಿಗ್ಗೆಯೇ ಲಾರಿ ಸಾಲಿಗೆ ನಿಲ್ಲಬೇಕು. ಟೆಂಡರ್, ತೂಕ, ಚೀಲ ಹೊಲಿಗೆ, ಹಮಾಲರ ಸರದಿ ಎಲ್ಲ ಮುಗಿದು ಹಗ್ಗ ಬಿಗಿಯುವಾಗ ರಾತ್ರಿ ಒಂಬತ್ತು. ವ್ಯಾಪಾರಿಗೆ ಮಾಲು ಮರುದಿನ ಮಧ್ಯಾಹ್ನದೊಳಗೆ ವಾಶಿಯಲ್ಲಿರಬೇಕು. ಹಗಲಿಡೀ ಕಣ್ಣು ಬಿಟ್ಟುಕೊಂಡಿದ್ದವನು ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿಸಲು ಆಗ ಹೊರಡುತ್ತಾನೆ. ಯಂತ್ರ ಅವನ ಮೇಲೆ ಕೂಗುತ್ತದೆ; ವ್ಯಾಪಾರಿಯ ಮೇಲಾಗಲಿ, ಲೋಡ್ ಒಪ್ಪಿಕೊಂಡ ಕಚೇರಿಯ ಮೇಲಾಗಲಿ ಕೂಗುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ದೂರದ ಮಾರ್ಗಕ್ಕೆ ಅನುಮತಿ ಪಡೆದರೆ 10 ಮತ್ತು 54. ಐದು ಗಂಟೆ ದಾಟುವ ಮೊದಲು ಅರ್ಧ ಗಂಟೆ ಬಿಡುವು, ಎರಡು ದಿನಗಳ ಕೆಲಸದ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಕೂಡ ಇದನ್ನೇ ತೋರಿಸುತ್ತದೆ. ಆದರೆ 1961ರ ಕಾಯ್ದೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಮಾಲೀಕನನ್ನು ಹೊರಗಿಟ್ಟಿತು, ನಮ್ಮ ಕಡೆ ಹೆಚ್ಚಿನವರು ಅಂಥವರೇ. ಇನ್ನೊಂದು ವಿಚಿತ್ರ: ನಿಲ್ದಾಣದಲ್ಲಿ ಸುಮ್ಮನೆ ಕಾಯುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಮಾತ್ರ ಆ ಕಾಯ್ದೆಯಲ್ಲಿ ಕೆಲಸ ಎನಿಸಿಕೊಳ್ಳುತ್ತಿತ್ತು. ಇದನ್ನು ಬರೆದವರು ಫೆಬ್ರವರಿಯ ಬ್ಯಾಡಗಿ ಸಾಲಿನಲ್ಲಿ ನಿಂತವರಲ್ಲ. ಈಗ ಆ ಕಾಯ್ದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಹಿಂದೆ ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳು ಇರಲೇಬೇಕಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನೂ ತೆಗೆಯಿತು. ಬಾಡಿಗೆ ದರ ಅಂದಿನಿಂದ ಒಬ್ಬನ ಲೆಕ್ಕಕ್ಕೇ ಕುದುರುತ್ತಿದೆ.

ಅಲಾರಂ ಬಡಿದ ಹೊತ್ತುಗಳ ಪಟ್ಟಿಯನ್ನು ಅಣ್ಣನ ಮುಂದಿಟ್ಟೆ. ಎರಡು ಸಂಜೆ ಜಗಳವಾಯಿತು. ಈಗ ಟೆಂಡರ್ ದಿನದ ವಾಶಿ ಲೋಡಿಗೆ ಊರಿನಲ್ಲೇ ಮಲಗೆದ್ದ ಎರಡನೇ ಡ್ರೈವರ್ ರಾತ್ರಿ ಬಂದು ಹತ್ತುತ್ತಾನೆ. ಆತ ಸಿಗದಿದ್ದರೆ ಲಾರಿ ಬೆಳಗಿನ ಜಾವದ ನಂತರವೇ ಹೊರಡುತ್ತದೆ. ಖರ್ಚು ನಿಜವಾಗಿಯೂ ಏರಿತು, ಇಬ್ಬರು ವ್ಯಾಪಾರಿಗಳು ಬೇರೆ ಲಾರಿ ನೋಡಿಕೊಂಡರು. ಉಳಿದವರು ಗೊಣಗುತ್ತಲೇ ಒಪ್ಪಿದ್ದಾರೆ. ಕಾಕಾ ಅವರಿಗೆ ಯಂತ್ರದ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಜೊತೆಗಾರ ಬಂದದ್ದಕ್ಕೆ ಖುಷಿಯಿದೆ.

ಇಷ್ಟೆಲ್ಲ ಲೆಕ್ಕವನ್ನು ನಾನು ಕೈಯಲ್ಲಿ ಮಾಡಬೇಕಾಯಿತು ಎಂಬುದೇ ನನ್ನ ದೊಡ್ಡ ತಕರಾರು. ಪೆಟ್ಟಿಗೆಯೊಳಗೆ ಜಿಪಿಎಸ್ ಇದೆ, ಯಾರ ಮುಖ ಎಂಬುದೂ ಅದಕ್ಕೆ ಗೊತ್ತು. ಆದರೂ ಒಬ್ಬ ಡ್ರೈವರ್ ನಿಲ್ಲಿಸದೆ ಎಷ್ಟು ಗಂಟೆ ಓಡಿಸಿದ, ಕೊನೆಯ ಬಾರಿ ಎಷ್ಟು ಹೊತ್ತು ಬಿಡುವು ಸಿಕ್ಕಿತು ಎಂದು ತೋರಿಸುವ ಪುಟವೇ ಆ್ಯಪ್‌ನಲ್ಲಿಲ್ಲ. ಯುರೋಪಿನ ಲಾರಿಗಳ ಟ್ಯಾಕೊಗ್ರಾಫ್ ಇದನ್ನೇ ದಾಖಲಿಸುತ್ತದೆ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ಬಿಡುವು ಕಡ್ಡಾಯ. ಇಲ್ಲಿ ಡ್ರೈವರನ ಆಕಳಿಕೆಗೆ ಬಣ್ಣಬಣ್ಣದ ನಕ್ಷೆ ಇದೆ, ಮಾಲೀಕ ಹಾಕಿಕೊಟ್ಟ ವೇಳೆಗೆ ಒಂದು ಸಾಲೂ ಇಲ್ಲ.

ವರ್ಷದ ಚಂದಾ ಕಟ್ಟುವ ಮುನ್ನ ಆ ಪುಟ ಬೇಕೆಂದು ತಯಾರಕರಿಗೆ ಬರೆದೆ. "ಬೇರೆ ಯಾವ ಗ್ರಾಹಕರೂ ಕೇಳಿಲ್ಲ" ಎಂದು ಉತ್ತರ ಬಂತು. ಕೊಳ್ಳುವವರು ದಯವಿಟ್ಟು ಕೇಳಿ, ಅದೂ ಹಣ ಕೊಡುವ ಮೊದಲೇ. ಕ್ಯಾಮೆರಾಗೆ ಐದರಲ್ಲಿ ನಾಲ್ಕು, ಆ್ಯಪ್‌ಗೆ ಒಂದು.