ಕೌಲ್‌ಬಜಾರಿನ ತಗಡಿನ ಅಂಗಡಿ: ವಿಮಾನದ ಕೆಲಸಕ್ಕೂ ಸೈ

ಟ್ರಾನ್ಸ್‌ಪಾಂಡರ್ (ನೆಲದ ರೇಡಾರ್ ಕೇಳಿದಾಗ ವಿಮಾನದ ಗುರುತು ಹೇಳುವ ರೇಡಿಯೋ ಸಾಧನ) ಆಂಟೆನಾ ಕೂರಿಸೋಕೆ ಒಂದು ಅಲ್ಯೂಮಿನಿಯಂ ತಟ್ಟೆ ಬೇಕಿತ್ತು. ಬಳ್ಳಾರಿ ಕೌಲ್‌ಬಜಾರಿನ ಸಣ್ಣ ತಗಡಿನ ಅಂಗಡಿಯಲ್ಲಿ ಮಾಡಿಸಿದೆ. ಕೆಲಸ ಚೊಕ್ಕ. ನಾವೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನದ ಮೈ ಗ್ಲಾಸ್ ಫೈಬರ್‌ದು, ಲೋಹದ್ದಾಗಿದ್ದರೆ ಹೊಟ್ಟೆಯ ತಗಡೇ ಗ್ರೌಂಡ್ ಪ್ಲೇನ್ (ಆಂಟೆನಾ ಸರಿಯಾಗಿ ಕೆಲಸ ಮಾಡೋಕೆ ಅದರ ಬುಡಕ್ಕೆ ಬೇಕಾದ ಲೋಹದ ಹಾಸು) ಆಗುತ್ತಿತ್ತು, ಇದಕ್ಕೆ ಒಳಗಿನಿಂದ ತಟ್ಟೆ ಕೊಡಲೇಬೇಕು. ಟ್ರಾನ್ಸ್‌ಪಾಂಡರ್ ಉತ್ತರ ಕಳಿಸುವ 1090 ಮೆಗಾಹರ್ಟ್ಸ್‌ಗೆ ಕಾಲು ತರಂಗ (ತರಂಗದ ಉದ್ದದ ಕಾಲು ಭಾಗ) ಅಂದರೆ ಸುಮಾರು 7 ಸೆಂ.ಮೀ. ಅಲ್ವಾ, ಆಂಟೆನಾ ಸುತ್ತ ಎಲ್ಲ ಕಡೆ ಅಷ್ಟಾದರೂ ಬೇಕು, ಹಾಗಾಗಿ ತಟ್ಟೆಯ ಅಗಲ 14 ಸೆಂ.ಮೀ.ಗಿಂತ ಕಡಿಮೆ ಆಗಬಾರದು ಅಂದೆ.

ಯಜಮಾನರು ಮೊದಲು ಕೇಳಿದ್ದು, 'ಇದು ಯಾವ ಮಿಷಿನ್ನಿನ ಪಾರ್ಟು ಸರ್?' ಆದರೆ ತೂತು ಕೊರೆದ ಮೇಲೆ ಅಂಚಿನ ಮುಳ್ಳನ್ನೆಲ್ಲ ಅರದಿಂದ ತಿಕ್ಕಿ, ಬಿಎನ್‌ಸಿ ಕನೆಕ್ಟರ್ (ಆಂಟೆನಾಗೆ ಕೇಬಲ್ ಸಿಕ್ಕಿಸುವ ತುದಿ) ತೂರಿಸಿ ನೋಡಿಯೇ ಕೈಗೆ ಕೊಟ್ಟರು.

ತಟ್ಟೆಗಿಂತ ಆಂಟೆನಾಗೆ ಜಾಗ ಆರಿಸೋದೇ ತಲೆನೋವು. ಹೊಟ್ಟೆಯ ಕೆಳಗೇ ಇರಲಿ, ಆದರೆ ಎಕ್ಸಾಸ್ಟ್ ನೇರಕ್ಕೆ ಬೇಡ, ಎಣ್ಣೆ ಮಸಿ ಹತ್ತಿ ಸಿಗ್ನಲ್ ಕುಗ್ಗುತ್ತದೆ. ಚಕ್ರದ ಕಾಲಿನ ಪಕ್ಕ ಹಾಕಿದರೆ ಆ ದಿಕ್ಕಿಗೆ ಸಿಗ್ನಲ್ ಅಡ್ಡವಾಗಿ ನೆರಳು ಬಿದ್ದ ಹಾಗೆ. ಸೀಟಿನ ಅಡಿಯಂತೂ ಬೇಡವೇ ಬೇಡ, ಪ್ರತಿ ಪಲ್ಸ್‌ನಲ್ಲೂ ನೂರಾರು ವ್ಯಾಟ್ ಹೊರಡುತ್ತೆ. ನಾವು ಸೀಟಿನ ಹಿಂದಕ್ಕೆ, ರೇಡಿಯೋ ಆಂಟೆನಾದಿಂದ ದೂರ ಹಾಕಿದೆವು. ಕೇಬಲ್ ಆದಷ್ಟು ಗಿಡ್ಡ ಇರಲಿ. ಆರ್‌ಜಿ-58 ಅನ್ನೋ ಕೇಬಲ್ ಅಗ್ಗ ಅಂತ ಆಸೆಪಡಬೇಡಿ, ಈ ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಜಾಸ್ತಿ ಸೋರುತ್ತೆ, ಆರ್‌ಜಿ-400 ತಗೊಳ್ಳಿ.

ಅಂಗಡಿಗೆ ಒಂದು ಸ್ಟಾರ್ ಕಮ್ಮಿ. ಹೇಳಿದ ಹೊತ್ತಿಗೆ ಮಾಲು ಸಿಗಲ್ಲ, ಬಿಲ್ ಕೇಳಿದರೆ ಸುಮ್ನೆ ಚೀಟಿಯಲ್ಲಿ ಬರೆದು ಕೊಡ್ತಾರೆ.