ದೊಡ್ಡಬಳ್ಳಾಪುರವೋ, ಚನ್ನಪಟ್ಟಣವೋ? ವೈನರಿಗೆ ಹೊರಡುವವರಿಗೆ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ಹಾಗೆ ವೈನ್ ತಯಾರಿಸುವ ಜಾಗ, ಅಂದರೆ ವೈನರಿ, ನೋಡಬೇಕು ಅಂದರೆ ಎರಡು ಒಳ್ಳೆಯ ದಾರಿಗಳಿವೆ. ಉತ್ತರಕ್ಕೆ ಹೋದರೆ ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ಸೀಮೆಯಲ್ಲಿ ಗ್ರೋವರ್ ಝಾಂಪಾ. ಮೈಸೂರು ರಸ್ತೆ ಹಿಡಿದರೆ ಚನ್ನಪಟ್ಟಣದ ಬಳಿ ಡೊಮೇನ್ ಸುಲಾ. ಎರಡೂ ಕಡೆ ಹೋಗಿ ಬಂದಿದ್ದೇನೆ. ಒಂದೇ ಶನಿವಾರ ಬಿಡುವಿದ್ದರೆ ನಾನು ದೊಡ್ಡಬಳ್ಳಾಪುರದ ಕಡೆಗೇ ಗಾಡಿ ತಿರುಗಿಸುತ್ತೇನೆ.

ಕಾರಣ ಅಲ್ಲಿನ ತೋಟ. ಈ ಸೀಮೆಯಲ್ಲಿ ದ್ರಾಕ್ಷಿ ಹೊಸದೇನಲ್ಲ, ನಾವೆಲ್ಲ ಚಿಕ್ಕಂದಿನಿಂದ ತಿಂದ ಬೆಂಗಳೂರು ಬ್ಲೂ ಇಲ್ಲಿಯದೇ. ಆದರೆ ವೈನಿಗೆಂದೇ ಫ್ರಾನ್ಸಿನ ತಳಿಗಳನ್ನು ತಂದು ಇಲ್ಲಿ ಬೆಳೆಸಿದವರು ಈ ವೈನರಿ ಶುರು ಮಾಡಿದ ಕನ್ವಲ್ ಗ್ರೋವರ್, 1980ರ ದಶಕದಲ್ಲಿ. ಅಂಥದೊಂದು ತಳಿ ಶಿರಾಜ್, ಅದರ ಗೊಂಚಲು ಅಂಗಡಿಯ ಬೀಜವಿಲ್ಲದ ದ್ರಾಕ್ಷಿಯಂತಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತೋಟ ತೋರಿಸುತ್ತಿದ್ದ ಹುಡುಗ ಒಂದು ಕಾಳನ್ನು ಅಂಗೈ ಮೇಲೆ ಹಿಂಡಿ, "ನೋಡಿ ಸಾರ್, ರಸಕ್ಕೆ ಬಣ್ಣವೇ ಇಲ್ಲ" ಅಂದ. ನಿಜ, ಹಣ್ಣು ಕಡುಗಪ್ಪು, ರಸ ಮಾತ್ರ ತೆಳು. ಕೆಂಪು ವೈನಿನ ಬಣ್ಣವೆಲ್ಲ ಸಿಪ್ಪೆಯದು. ಅದಕ್ಕೇ ಅದನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ, ಬಿಳಿ ವೈನಿಗೆ ಮೊದಲೇ ಸಿಪ್ಪೆ ತೆಗೆಯುತ್ತಾರೆ. ಆಮೇಲೆ ವೈನ್ ಮಾಗಿಸುವ ಓಕ್ ಮರದ ಪೀಪಾಯಿಗಳ ತಂಪು ಕೋಣೆಗೆ ಹೋದಾಗ ಎಲ್ಲವೂ ಒಂದಕ್ಕೊಂದು ಕೂಡಿಬಂತು. ರುಚಿ ನೋಡುವಾಗ ಬಿಳಿಯಿಂದ ಶುರು ಮಾಡಿ ಕೊನೆಗೆ ಲಾ ರಿಸರ್ವ್ ಅನ್ನುವ ಕೆಂಪು ವೈನ್ ಕೊಟ್ಟರು. ಕ್ಯಾಬರ್ನೆ ಸೋವಿನ್ಯಾನ್ ಅನ್ನುವ ಇನ್ನೊಂದು ಫ್ರೆಂಚ್ ತಳಿಯ ಜೊತೆ ಶಿರಾಜ್ ಬೆರೆತದ್ದು. ಗುಟುಕು ಇಳಿದ ಮೇಲೆ ನಾಲಿಗೆಯಲ್ಲಿ ಕರಿಮೆಣಸಿನ ಸಣ್ಣ ಖಾರ ಉಳಿಯಿತು. ಅಲ್ಲೇ ತೋಟ ಸುತ್ತಿ ಬಂದಿದ್ದರಿಂದ ಆ ರುಚಿ ಇನ್ನಷ್ಟು ಹತ್ತಿರವಾಯಿತು.

ಚನ್ನಪಟ್ಟಣದ್ದು ಬೇರೆಯೇ ಖುಷಿ. ಇದು ಮೊದಲು ಹೆರಿಟೇಜ್ ಅನ್ನುವ ಹೆಸರಿನ ವೈನರಿ ಆಗಿತ್ತು, ಆಮೇಲೆ ನಾಸಿಕದ ಸುಲಾ ಕೊಂಡಿತು. ನನಗೆ ಇಲ್ಲಿ ತೋಟಕ್ಕಿಂತ ಊಟ, ಹರಟೆ, ನೆರಳಲ್ಲಿ ಕೂತು ಕಳೆದ ಮಧ್ಯಾಹ್ನವೇ ಜಾಸ್ತಿ ಹಿಡಿಸಿತು. ವೈನ್ ಮುಟ್ಟದವರೂ ಜೊತೆಗಿದ್ದರೆ ಇದೇ ಸರಿ. ದಾರಿಯಲ್ಲಿ ರಾಮನಗರದ ಬಂಡೆಗಳು, ಜಾನಪದ ಲೋಕ, ಚನ್ನಪಟ್ಟಣದ ಮರದ ಗೊಂಬೆಗಳು. ಇನ್ನೊಂದಿಷ್ಟು ಮುಂದೆ ಹೋದರೆ ಮದ್ದೂರು ವಡೆ. ಮಕ್ಕಳಿಗೂ ಹಿರಿಯರಿಗೂ ಬೇಜಾರಾಗಲ್ಲ. ಒಂದೇ ಎಚ್ಚರಿಕೆ: ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಗೆ ಎಲ್ಲಿ ಇಳಿಯಬೇಕು ಅಂತ ಮೊದಲೇ ನೋಡಿಕೊಳ್ಳಿ. ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶವೇ ಇಲ್ಲ, ಅವರಿಗೆ ಹಳೆಯ ರಸ್ತೆಯೇ ಗತಿ.

ದೊಡ್ಡಬಳ್ಳಾಪುರದ ಕಡೆಯೂ ನೋಡುವುದಕ್ಕೆ ಕಮ್ಮಿ ಇಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನವನ್ನು ಬೆಳಿಗ್ಗೆಯೇ ನೋಡಿ, ಆಮೇಲೆ ವೈನರಿಗೆ ಬರುವುದು ಒಳ್ಳೆಯದು.

ಯಾವಾಗ ಹೋಗಬೇಕು ಅನ್ನುವುದು ಎಲ್ಲಿಗೆ ಅನ್ನುವಷ್ಟೇ ಮುಖ್ಯ. ಯುರೋಪಿನಲ್ಲಿ ಕೊಯ್ಲು ಶರತ್ಕಾಲಕ್ಕೆ. ನಮ್ಮಲ್ಲಿ ಮಳೆ ಮುಗಿಯುವ ಹೊತ್ತಿಗೆ ಬಳ್ಳಿ ಸವರುತ್ತಾರೆ, ಹಣ್ಣು ಚಳಿಗಾಲ ಕಳೆಯುವಾಗ ಮಾಗುತ್ತದೆ. ಹಾಗಾಗಿ ಫೆಬ್ರವರಿ, ಮಾರ್ಚಿನಲ್ಲಾದರೆ ದೊಡ್ಡಬಳ್ಳಾಪುರ. ಬಳ್ಳಿಯಲ್ಲಿ ಗೊಂಚಲಿಲ್ಲದ ಜುಲೈನಲ್ಲಾದರೆ ಸುಮ್ನೆ ಚನ್ನಪಟ್ಟಣಕ್ಕೆ ಹೋಗಿ ಚೆನ್ನಾಗಿ ಊಟ ಮಾಡಿ ಬನ್ನಿ.

ಎರಡೂ ಕಡೆ ಮೊದಲೇ ಫೋನ್ ಮಾಡಿ ಜಾಗ ಕಾದಿರಿಸಿ. ಚುನಾವಣೆ ಹತ್ತಿರವಿದ್ದರೆ ಮದ್ಯ ಮಾರಾಟ ಬಂದ್ ಇರುವ ದಿನ ಯಾವುದು ಅಂತಲೂ ಕೇಳಿ. ಗಾಡಿ ಓಡಿಸುವವರು ಮಾತ್ರ ಲೋಟ ಮುಟ್ಟುವುದೇ ಬೇಡ. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ಮೀರಿದರೆ ಕೇಸು, ಅಷ್ಟಾಗಲು ಹೆಚ್ಚು ವೈನ್ ಬೇಕಿಲ್ಲ. ಅವರ ಪಾಲಿಗೆ ಒಂದು ಬಾಟಲಿ ಕೊಂಡು ತನ್ನಿ, ಮನೆಯಲ್ಲಿ ನಿಧಾನವಾಗಿ ಕುಡಿಯಲಿ.