ಪ್ಲಾಸ್ಟಿಕ್ ಗೋನಿಯೋಮೀಟರ್, ಡಿಜಿಟಲ್ ಸ್ಕೇಲ್, ಮೊಬೈಲ್ ಆ್ಯಪ್: ಕೀಲಿನ ಡಿಗ್ರಿ ಅಳೆಯಲು ಯಾವುದನ್ನು ನಂಬಬಹುದು?

ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಕೀಲು ಎಷ್ಟು ಬಾಗುತ್ತದೆ ಅಂತ ಅಳೆಯಲು ಮೂರು ಸಾಧನಗಳಿವೆ. ಹನ್ನೆರಡು ಇಂಚಿನ ಪ್ಲಾಸ್ಟಿಕ್ ಗೋನಿಯೋಮೀಟರ್ (ಕೋನಮಾಪಕಕ್ಕೆ ಎರಡು ಉದ್ದ ಕಡ್ಡಿ ಜೋಡಿಸಿದಂಥದ್ದು), ಎರಡು ಕಡ್ಡಿಗಳ ನಡುವಿನ ಕೋನವನ್ನು ಅಂಕಿಯಲ್ಲಿ ತೋರಿಸುವ ಸ್ಟೀಲಿನ ಡಿಜಿಟಲ್ ಆ್ಯಂಗಲ್ ಸ್ಕೇಲ್, ಮತ್ತೆ ಮೊಬೈಲ್ ಆ್ಯಪ್. ಮೂರನ್ನೂ ವರ್ಷಗಳಿಂದ ಬಳಸುತ್ತಿದ್ದೇನೆ. "ಇದರಲ್ಲಿ ಯಾವುದು ಕರೆಕ್ಟ್?" ಅಂತ ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಮೇಜಿನ ಮೇಲೆ ಇಟ್ಟರೆ ಮೂರೂ ಕರೆಕ್ಟೇ. ಮೈಮೇಲೆ ಇಟ್ಟಾಗಲೇ ತಕರಾರು ಶುರು.

ಮೊದಲು ಮೇಜಿನ ಪರೀಕ್ಷೆ. ಇದಕ್ಕೆ ಲ್ಯಾಬ್ ಏನೂ ಬೇಡ. ಮಕ್ಕಳ ಕಂಪಾಸ್ ಬಾಕ್ಸ್‌ನಲ್ಲಿರುವ ಎರಡು ಸೆಟ್ ಸ್ಕ್ವೇರ್ ಸಾಕು, 30, 45, 60, 90 ಡಿಗ್ರಿ ಸಿಕ್ಕಿಬಿಡುತ್ತವೆ. ಫೋನಿಗಾದರೆ ಒಂದು ಮೀಟರ್ ಉದ್ದದ ಹಲಗೆ ತಗೊಳ್ಳಿ. ಒಂದು ತುದಿಯನ್ನು 50 ಸೆಂ.ಮೀ. ಎತ್ತಿದರೆ 30 ಡಿಗ್ರಿ, 34.2 ಸೆಂ.ಮೀ.ಗೆ 20, 17.4 ಸೆಂ.ಮೀ.ಗೆ 10. ಪ್ಲಾಸ್ಟಿಕ್‌ನದು ಒಂದು ಡಿಗ್ರಿಯೊಳಗೆ ಸರಿ ತೋರಿಸಿತು. ಡಿಜಿಟಲ್ ಸ್ಕೇಲ್ ಡಬ್ಬದ ಮೇಲೆ ಬರೆದುಕೊಂಡಷ್ಟೇ ನಿಖರವಾಗಿತ್ತು. ಆ್ಯಪ್ ಕೂಡ ಹಲಗೆಯ ಮೇಲೆ ಪಾಸಾಯಿತು.

ಫೋನಿಗೆ ಇನ್ನೊಂದು ಸಣ್ಣ ಪರೀಕ್ಷೆ ಇದೆ. ಮೇಜಿನ ಮೇಲೆ ಇಟ್ಟು ಓದಿಕೊಳ್ಳಿ. ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಮತ್ತೆ ಓದಿ. ಮೊದಲು 1.4, ಆಮೇಲೆ ಮೈನಸ್ 0.4 ಬಂತು ಅನ್ನಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 0.5. ಅಷ್ಟು ಫೋನಿನ ದೋಷ, ಉಳಿದದ್ದು ಮೇಜಿನ ಓರೆ. ಸಾಮಾನ್ಯವಾಗಿ ಈ ದೋಷಕ್ಕೆ ಸೆನ್ಸರ್‌ಗಿಂತ ಫೋನಿನ ಆಕಾರವೇ ಕಾರಣ. ಬೆನ್ನಿನ ಮೇಲೆ ಉಬ್ಬಿದ ಕ್ಯಾಮೆರಾ, ಪಕ್ಕದಲ್ಲಿ ವಾಲ್ಯೂಮ್ ಬಟನ್, ಮೂಲೆ ದಪ್ಪಗಿರುವ ಕವರ್. ಕವರ್ ತೆಗೆದು, ಬಟನ್ ಇಲ್ಲದ ಅಂಚನ್ನು ಮೈಗೆ ತಾಗಿಸುವುದು ಒಳ್ಳೆಯದು.

ಈಗ ಮೈಮೇಲೆ ಬರೋಣ. ಮಂಡಿಯನ್ನೇ ತಗೊಳ್ಳಿ. ಗೋನಿಯೋಮೀಟರಿನ ನಡುಬಿಂದು ಮಂಡಿಯ ಹೊರಗಡೆಯ ಮೂಳೆ ಉಬ್ಬಿನ ಮೇಲೆ ಇರಬೇಕು. ಒಂದು ಕಡ್ಡಿ ಸೊಂಟದ ಪಕ್ಕದ ಮೂಳೆ ಗಂಟಿನ ಕಡೆಗೆ, ಇನ್ನೊಂದು ಹೊರಗಿನ ಹರಡಿನ ಕಡೆಗೆ. ಕೇಳಲು ಸುಲಭ. ಆದರೆ ಆಪರೇಷನ್ ಆಗಿ ಬಾತುಕೊಂಡ ಮಂಡಿಯಲ್ಲಿ ಆ ಉಬ್ಬು ಎಲ್ಲಿದೆ ಅಂತ ಹುಡುಕುವುದೇ ಕೆಲಸ. ದಪ್ಪ ತೊಡೆಯವರಲ್ಲಿ ಸೊಂಟದ ಗಂಟು ಕೈಗೇ ಸಿಗುವುದಿಲ್ಲ. ಸೀರೆ, ಪಂಚೆಯ ಮೇಲಿಂದ ಅಂದಾಜಿನಲ್ಲಿ ಹಿಡಿದರೆ ಇನ್ನೂ ಕಷ್ಟ. ಕಡ್ಡಿ ಅಷ್ಟಿಷ್ಟು ಆಚೀಚೆಯಾದರೂ ಡಿಗ್ರಿಗಳು ಬದಲಾಗುತ್ತವೆ. ಡಿಜಿಟಲ್ ಸ್ಕೇಲ್ ಆಗ 93.7 ಅಂತ ತೋರಿಸುತ್ತದೆ. ಆ ಪಾಯಿಂಟ್ ಏಳಕ್ಕೆ ಏನು ಅರ್ಥ ಹೇಳಿ?

ನಮ್ಮಲ್ಲಿ ಇದನ್ನು ಪರೀಕ್ಷೆ ಮಾಡುವುದು ಹೀಗೆ. ಒಬ್ಬರು ಗೋನಿಯೋಮೀಟರನ್ನು ಅಂಕಿ ಕಾಣದ ಹಾಗೆ ಹಿಡಿದು ಕೂರಿಸುತ್ತಾರೆ. ಇನ್ನೊಬ್ಬರು ಓದಿ ಬರೆದುಕೊಳ್ಳುತ್ತಾರೆ. ಆಮೇಲೆ ಕೈ ಬದಲು. ಅಂಕಿ ಕಾಣುತ್ತಿದ್ದರೆ ನಿನ್ನೆಯ 90 ತಲೆಯಲ್ಲಿದ್ದು, ಇವತ್ತು ಗೊತ್ತಿಲ್ಲದೇ 92 ಮಾಡಿಬಿಡುತ್ತೇವೆ. ಫಲಿತಾಂಶ ಪ್ರತಿಸಲವೂ ಒಂದೇ ದಾರಿಗೆ ಬರುತ್ತದೆ: ಒಬ್ಬರೇ ಎರಡು ಸಲ ಅಳೆದರೆ ವ್ಯತ್ಯಾಸ ಕಡಿಮೆ, ಇಬ್ಬರು ಬೇರೆ ಬೇರೆ ಅಳೆದರೆ ಜಾಸ್ತಿ. ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ಹಾಗಾಗಿ ಒಬ್ಬ ಪೇಷಂಟನ್ನು ಶುರುವಿನಿಂದ ಕೊನೆವರೆಗೆ ಒಬ್ಬರೇ, ಒಂದೇ ಸಾಧನದಲ್ಲಿ, ಒಂದೇ ಭಂಗಿಯಲ್ಲಿ ಅಳೆಯುವ ಪದ್ಧತಿ ಇಟ್ಟುಕೊಂಡಿದ್ದೇವೆ.

ಇನ್ನೊಂದು ತೊಡಕು ಇದೆ. ನಾಲ್ಕೈದು ಸಲ ಬಾಗಿಸಿ ಅಳೆಯುವಷ್ಟರಲ್ಲಿ ಕೀಲೇ ಸಡಿಲವಾಗಿ ಹೆಚ್ಚು ಬಾಗತೊಡಗುತ್ತದೆ. ಮೊದಲು ಪ್ಲಾಸ್ಟಿಕ್, ಕೊನೆಗೆ ಆ್ಯಪ್ ಅಂತ ಅಳೆದರೆ ಆ್ಯಪ್ ಯಾವಾಗಲೂ ಜಾಸ್ತಿ ತೋರಿಸಿದ ಹಾಗೆ ಕಾಣುತ್ತದೆ. ಹೋಲಿಸುವವರು ಸರದಿ ಬದಲಾಯಿಸುತ್ತಿರಬೇಕು.

ಎಷ್ಟು ವ್ಯತ್ಯಾಸವನ್ನು ನಿಜವಾದ ಸುಧಾರಣೆ ಅನ್ನಬಹುದು? ಇದಕ್ಕೊಂದು ಲೆಕ್ಕ ಇದೆ. ಅಳತೆಯ ಪ್ರಮಾಣಿತ ದೋಷವನ್ನು (ಅದೇ ಕೀಲನ್ನು ಮತ್ತೆ ಮತ್ತೆ ಅಳೆದಾಗ ಅಂಕಿ ಸಾಮಾನ್ಯವಾಗಿ ಎಷ್ಟು ಆಚೀಚೆಯಾಗುತ್ತದೆ ಅನ್ನುವುದನ್ನು) 1.96ರಿಂದಲೂ ಎರಡರ ವರ್ಗಮೂಲದಿಂದಲೂ ಗುಣಿಸಬೇಕು. ದೋಷ 2 ಡಿಗ್ರಿ ಇದ್ದರೆ ಉತ್ತರ ಸುಮಾರು 5.5. ಅಂದರೆ ಸೋಮವಾರ 92, ಗುರುವಾರ 95 ಬಂದರೆ ಏನೂ ಹೇಳುವ ಹಾಗಿಲ್ಲ. ಪೇಷಂಟ್‌ಗೆ ಇದನ್ನು ಹೇಳುವುದು ಮಾತ್ರ ಕಷ್ಟ. "ಪಕ್ಕದ ಬೆಡ್‌ನವರಿಗೆ ನೂರು ಬಂತಂತೆ ಮೇಡಂ" ಅನ್ನುತ್ತಾರೆ. ಆ ನೂರನ್ನು ಯಾರು ಅಳೆದರೋ!

ಆ್ಯಪ್ ಜಾಹೀರಾತುಗಳಲ್ಲಿ "ಗೋನಿಯೋಮೀಟರ್ ಜೊತೆ ಶೇ. 99ರಷ್ಟು ಹೊಂದಾಣಿಕೆ" ಅನ್ನುವಂಥ ಮಾತು ಕಂಡರೆ ಸ್ವಲ್ಪ ತಡೆಯಿರಿ. ಆ್ಯಪ್ ಪ್ರತಿಸಲ ಎಂಟು ಡಿಗ್ರಿ ಜಾಸ್ತಿ ತೋರಿಸಿದರೂ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಸಹಸಂಬಂಧ ಚೆನ್ನಾಗೇ ಬರುತ್ತದೆ. 1986ರಲ್ಲಿ ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಎತ್ತಿ ತೋರಿಸಿದರು. ಎರಡು ಸಾಧನಗಳ ವ್ಯತ್ಯಾಸದ ಸರಾಸರಿ ಎಷ್ಟು, ಆ ವ್ಯತ್ಯಾಸ ಎಲ್ಲಿಂದ ಎಲ್ಲಿವರೆಗೆ ಹರಡಿದೆ ಅಂತ ನೋಡಬೇಕು. ಜಾಹೀರಾತಿನಲ್ಲಿ ಅದು ಇಲ್ಲದಿದ್ದರೆ ಉಳಿದ ಅಂಕಿಗಳನ್ನು ನಾನು ಓದುವುದೇ ಇಲ್ಲ.

ಆ್ಯಪ್‌ನ ದೊಡ್ಡ ಮಿತಿ ಬೇರೆಯೇ. ಫೋನಿನ ಒಳಗಿನ ಆಕ್ಸಿಲೆರೋಮೀಟರ್ ಭೂಮಿಯ ಸೆಳೆತವನ್ನು ನೋಡಿ ಓರೆ ಎಷ್ಟು ಅಂತ ಹೇಳುತ್ತದೆ. ನೆಲಕ್ಕೆ ಸಮಾನಾಂತರವಾಗಿ ತಿರುಗುವ ಚಲನೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಕೂತುಕೊಂಡು ಕತ್ತು ತಿರುಗಿಸುವುದನ್ನು ಅಳೆಯಲು ಕೆಲವು ಆ್ಯಪ್‌ಗಳು ದಿಕ್ಸೂಚಿ ಸೆನ್ಸರ್ ಬಳಸುತ್ತವೆ. ಪಕ್ಕದಲ್ಲಿ ಕಬ್ಬಿಣದ ಮಂಚ ಇದ್ದರೆ ಅದು ಎಲ್ಲೆಲ್ಲೋ ಹೋಗುತ್ತದೆ, ನಮ್ಮಲ್ಲಂತೂ ಎಲ್ಲಾ ಕಬ್ಬಿಣದ ಮಂಚಗಳೇ. ಪರಿಹಾರ ಸುಲಭ: ಪೇಷಂಟನ್ನು ಅಂಗಾತ ಮಲಗಿಸಿ. ಆಗ ಕತ್ತಿನ ತಿರುಗುವಿಕೆಯೂ ಸೆಳೆತಕ್ಕೆ ಸಿಗುತ್ತದೆ. ಭುಜ ಬಿಗಿದು ಫ್ರೋಜನ್ ಶೋಲ್ಡರ್ ಆದವರಿಗೂ ಹೀಗೇ ಮಾಡುತ್ತೇನೆ. ಅಂಗಾತ ಮಲಗಿ, ಮೊಣಕೈ ಪಕ್ಕೆಗೆ ಅಂಟಿಸಿ, ಮುಂಗೈ ಮೇಲಕ್ಕೆ ನೆಟ್ಟಗೆ ಹಿಡಿದು ಹೊರಗಡೆ ಬಾಗಿಸಲು ಹೇಳಿದರೆ ಫೋನ್ ಸರಿಯಾಗಿ ಓದುತ್ತದೆ.

ಮಂಡಿಯನ್ನು ಆ್ಯಪ್‌ನಲ್ಲಿ ಅಳೆಯುವವರು ಎರಡು ಸಲ ಓದಬೇಕು. ಮಲಗಿ ಹಿಮ್ಮಡಿ ಎಳೆದುಕೊಂಡಾಗ ತೊಡೆಯೂ ಓರೆ, ಮುಂಗಾಲೂ (ಮಂಡಿಯಿಂದ ಹರಡಿನವರೆಗಿನ ಭಾಗ) ಓರೆ. ತೊಡೆ 50, ಮುಂಗಾಲು 48 ಇದ್ದರೆ ಮಂಡಿ ಬಾಗಿರುವುದು 98. ಮುಂಗಾಲಿನ ಮೇಲೆ ಮಾತ್ರ ಇಟ್ಟು "48 ಅಷ್ಟೇನಾ" ಅಂತ ಗಾಬರಿಯಾಗಿ ಫೋನ್ ಮಾಡುವ ಮನೆಯವರಿದ್ದಾರೆ.

ಬಾಳಿಕೆಯ ಮಾತು. ಪ್ಲಾಸ್ಟಿಕ್ ಗೋನಿಯೋಮೀಟರಿಗೆ ಸ್ಪಿರಿಟ್ ಶತ್ರು. ದಿನಾ ಒರೆಸಿ ಒರೆಸಿ ಅಂಕಿಗಳು ಅಳಿಸುತ್ತವೆ, ಸೋಪು ನೀರೇ ವಾಸಿ. ನಡುವಿನ ರಿವೆಟ್ ಸಡಿಲವಾಗಿ ಕಡ್ಡಿ ತಾನಾಗೇ ಜಾರಿದರೆ ಅದನ್ನು ಬಿಸಾಡಿ. ಡಿಜಿಟಲ್ ಸ್ಕೇಲ್‌ನಲ್ಲಿ ಕಡ್ಡಿಗಳು ಪೂರ್ತಿ ಮುಚ್ಚದೆ ಝೀರೋ ಒತ್ತಿದರೆ ಆ ತಪ್ಪು ಇಡೀ ದಿನ ಜೊತೆಗಿರುತ್ತದೆ. ಸ್ಟೀಲು ಬೆಳಗಿನ ಹೊತ್ತು ತಣ್ಣಗೆ ಕೊರೆಯುತ್ತದೆ, ತುದಿ ಚೂಪು, ಬೇಕಾದ ಹೊತ್ತಿಗೇ ಬಟನ್ ಸೆಲ್ ಖಾಲಿ. ಮೂಲತಃ ಇದು ಬಡಗಿಗಳ ಸಾಧನ ಅನ್ನುವುದು ಮುಟ್ಟಿದರೇ ಗೊತ್ತಾಗುತ್ತದೆ.

ಹೊಸದಾಗಿ ಪ್ರಾಕ್ಟೀಸ್ ಶುರು ಮಾಡುವವರು ಕೆಲವು ನೂರು ರೂಪಾಯಿಯ ಪಾರದರ್ಶಕ ಪ್ಲಾಸ್ಟಿಕ್‌ನದನ್ನೇ ಕೊಳ್ಳಿ. ಅದರ ಮೂಲಕ ಕೆಳಗಿನ ಮೂಳೆಯ ಗೆರೆ ಕಾಣುತ್ತದೆ, ಸ್ಟೀಲಿನಲ್ಲಿ ಕಾಣುವುದಿಲ್ಲ. ಮಂಡಿ, ಸೊಂಟಕ್ಕೆ ಹನ್ನೆರಡು ಇಂಚು, ಮಣಿಕಟ್ಟಿಗೆ ಆರು ಇಂಚು. ಬೆರಳಿನದು ಬೇರೆಯೇ ಸಿಗುತ್ತದೆ. ಬೆನ್ನಿಗೆ, ಪಾದಕ್ಕೆ, ಮನೆಯಿಂದ ಅಳತೆ ಕಳಿಸುವ ಪೇಷಂಟ್‌ಗಳಿಗೆ ಫೋನ್ ಚೆನ್ನಾಗಿದೆ, ಅದೂ ಉಚಿತವಾಗಿ ಸಿಗುವ, ಓರೆ ತೋರಿಸುವ ಲೆವೆಲ್ ಸಾಕು. ಐಫೋನಿನ ಮೆಷರ್ ಆ್ಯಪ್‌ನಲ್ಲೇ ಅದು ಇದೆ, ಪೂರ್ಣ ಡಿಗ್ರಿ ಮಾತ್ರ ತೋರಿಸುತ್ತದೆ, ಅದೇ ಸರಿ. ದಶಾಂಶ, ಗ್ರಾಫ್, ಬಣ್ಣಬಣ್ಣದ ರಿಪೋರ್ಟ್ ಕೊಡುತ್ತಿದ್ದ ಆ್ಯಪ್‌ನ ಚಂದಾವನ್ನು ನಾನು ಈ ವರ್ಷ ಮುಂದುವರಿಸಲಿಲ್ಲ.